ಹೊನ್ನಾವರದ ದೋಣಿ ಶೆಡ್ಡಿನಲ್ಲಿ ಕಿಟ್ ಕಾರಿನ ತೂಕ ಇಳಿಸಿಕೊಂಡೆ: ಕೆಲಸ ಹೇಗಿದೆ, ಏನು ಕೇಳಿ ಮಾಡಿಸಬೇಕು

ಮೊದಲೇ ಹೇಳಿಬಿಡುತ್ತೇನೆ. ಕಿಟ್ ಕಾರಿಗೆ, ಅಂದರೆ ಬಿಡಿಭಾಗ ತಂದು ನಾವೇ ಜೋಡಿಸಿಕೊಳ್ಳುವ ಕಾರಿಗೆ, ಹಗುರವಾದ ಫೈಬರ್ ಬಾಡಿ ಬೇಕು ಅಂತ ಬೆಂಗಳೂರು, ಪುಣೆ ಅಲೆಯಬೇಕಾಗಿಲ್ಲ. ಆ ಕೆಲಸ ಗೊತ್ತಿರುವ ಕೈಗಳು ನಮ್ಮ ಕರಾವಳಿಯಲ್ಲೇ ಇವೆ. ಹೊನ್ನಾವರದಿಂದ ಶರಾವತಿ ಸೇತುವೆ ದಾಟಿದರೆ ಕಾಸರಕೋಡ. ಆ ಕಡೆ ಮೀನುಗಾರರ ಫೈಬರ್ ದೋಣಿ ಕಟ್ಟುವ, ರಿಪೇರಿ ಮಾಡುವ ಒಂದು ಶೆಡ್ಡಿನಲ್ಲಿ ನನ್ನ ಕಾರಿನ ಮೂಗು, ನಾಲ್ಕು ಮಡ್‌ಗಾರ್ಡ್, ಎರಡು ಸೀಟು ಮಾಡಿಸಿದೆ. ಶೆಡ್ಡಿಗೆ ಬೋರ್ಡಿಲ್ಲ, ನಾನೂ ಹೆಸರು ಹಾಕುವುದಿಲ್ಲ, ಯಾಕೆಂದರೆ ಕೆಳಗೆ ಒಂದೆರಡು ದೂರೂ ಇವೆ. ಕೆಲಸ ಚೆನ್ನಾಗಿದೆ, ಇನ್ನೊಮ್ಮೆ ಅಲ್ಲಿಗೇ ಹೋಗುತ್ತೇನೆ. ಆದರೆ ಸುಮ್ನೆ ಹೋಗಿ "ಇಂಥದ್ದೇ ಇನ್ನೊಂದು ಮಾಡಿಕೊಡಿ" ಅಂದರೆ ದೋಣಿಯ ದಪ್ಪದ್ದೇ ಮೂಗು ಕೈಗೆ ಬರುತ್ತದೆ. ಏನು ಕೇಳಬೇಕು ಅಂತ ಗೊತ್ತಿರಬೇಕು.

ನನ್ನದು ಸೆವೆನ್ ಜಾತಿಯ ಕಾರು. 1957ರಲ್ಲಿ ಕಾಲಿನ್ ಚಾಪ್ಮನ್ ಅವರ ಲೋಟಸ್ ಕಂಪನಿ ತಂದ ಮಾದರಿ ಅದು, 1973ರಿಂದ ಕೇಟರ್‌ಹ್ಯಾಮ್ ಅದನ್ನು ಮಾಡುತ್ತಾ ಬಂದಿದೆ, ಅದೇ ಆಕಾರದ ಕಿಟ್‌ಗಳು ಬೇರೆಯವರದ್ದೂ ಬೇಕಾದಷ್ಟಿವೆ. ಬಾಗಿಲಿಲ್ಲ, ಮೇಲೆ ಚಾವಣಿ ಇಲ್ಲ, ಮುಂದೆ ಎಂಜಿನ್, ಹಿಂದಿನ ಚಕ್ರಕ್ಕೆ ಡ್ರೈವ್. 25 ಎಂಎಂ ಚೌಕ ಪೈಪಿನ ಚಾಸಿ, ಮಾರುತಿ ಜಿಪ್ಸಿಯ 1.3 ಲೀಟರ್ ಎಂಜಿನ್, ಅದರದ್ದೇ ಐದು ಗೇರಿನ ಬಾಕ್ಸ್. ಜಿಪ್ಸಿಯಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿರುವುದಿಲ್ಲ. ನಡುವೆ ಚಿಕ್ಕ ಶಾಫ್ಟ್ ಹಾಕಿ ಬೇರೆಯಾಗಿ ಕೂರಿಸಿರುತ್ತಾರೆ. ಅದಕ್ಕೇ ಆ ಭಾರದ ಡಬ್ಬಿಯನ್ನು ಅಲ್ಲೇ ಬಿಟ್ಟು ಎಂಜಿನ್, ಗೇರ್‌ಬಾಕ್ಸ್ ಮಾತ್ರ ತರಬಹುದು. ಶಕ್ತಿ 80 ಎಚ್‌ಪಿ.

ಕೇಟರ್‌ಹ್ಯಾಮ್‌ನವರೇ ಸುಜುಕಿಯ 660 ಸಿಸಿ ಟರ್ಬೊ ಎಂಜಿನ್ ಹಾಕಿ ಸೆವೆನ್ 160 ಅಂತ ತಂದಿದ್ದರು. ಅದಕ್ಕೂ 80 ಎಚ್‌ಪಿಯೇ, ತೂಕ ಮಾತ್ರ 490 ಕೆಜಿ. 2021ರಲ್ಲಿ ಬಂದ ಸೆವೆನ್ 170 ಇನ್ನೂ ಹಗುರ, 440 ಕೆಜಿ. ನನ್ನದು ಕಿಟ್ ಜೋಡಿಸಿ ಮುಗಿಸಿದಾಗ 612. ಅಷ್ಟೇ ಶಕ್ತಿ, ಅಷ್ಟೇ ಚಿಕ್ಕ ಗಾಡಿ, 120 ಕಿಲೋ ಜಾಸ್ತಿ. ಅದು ಎಲ್ಲಿ ಕೂತಿದೆ ಅಂತ ಹುಡುಕಲೇಬೇಕಿತ್ತು ಅಲ್ವಾ?

ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಇದು ರಸ್ತೆಗೆ ಇಳಿಯುವ ಕಾರಲ್ಲ, ನೋಂದಣಿ ಇಲ್ಲ. ನೋಂದಣಿಯಾದ ಗಾಡಿಯಲ್ಲಿ ಇಂಥ ಬದಲಾವಣೆ ಮಾಡಲು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಅಡ್ಡ ಬರುತ್ತದೆ, ಹಾಗಾಗಿ ನಿಮ್ಮ ಮನೆಯ ಗಾಡಿಗೆ ಇದನ್ನು ಪ್ರಯೋಗಿಸಬೇಡಿ. ನನ್ನದು ಪಿಕಪ್ ಮೇಲೆ ಹತ್ತಿ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಅನ್ನುವ ರೇಸ್ ಟ್ರ್ಯಾಕಿಗೆ ಹೋಗುತ್ತದೆ, ಅಲ್ಲೇ ಓಡುತ್ತದೆ, ಪಿಕಪ್ ಮೇಲೇ ಶಿರಸಿಗೆ ವಾಪಸ್ ಬರುತ್ತದೆ.

ತೂಗುವುದರಿಂದ ಶುರು ಮಾಡಬೇಕು. ವೇಬ್ರಿಜ್ ಈ ಕೆಲಸಕ್ಕೆ ಬರುವುದಿಲ್ಲ. ಲಾರಿ ತೂಗುವ ಯಂತ್ರ ಹತ್ತು ಹತ್ತು ಕಿಲೋ ಲೆಕ್ಕದಲ್ಲಿ ತೋರಿಸಿದರೆ ಅದರಲ್ಲಿ ನಾಲ್ಕು ಕಿಲೋದ ಮೂಗು ಕಾಣುವುದೇ ಇಲ್ಲ. ಶಿರಸಿಯವರಿಗೆ ಒಂದು ಅನುಕೂಲ ಇದೆ, ಅಡಿಕೆ ತೂಗುವ ಪ್ಲಾಟ್‌ಫಾರ್ಮ್ ತಕ್ಕಡಿ ಯಾರದ್ದಾದರೂ ಮನೆಯಲ್ಲಿ, ಅಂಗಡಿಯಲ್ಲಿ ಸಿಗುತ್ತದೆ. ಚೀಲ ತೂಗುವ 200, 300 ಕಿಲೋದ ತಕ್ಕಡಿ ನಾಲ್ಕು ಒಟ್ಟುಮಾಡಿ ನಾಲ್ಕು ಚಕ್ರದ ಅಡಿಗೆ ಇಟ್ಟರೆ ಒಟ್ಟು ತೂಕದ ಜೊತೆ ಯಾವ ಮೂಲೆಯಲ್ಲಿ ಎಷ್ಟು ಭಾರ ಅನ್ನುವುದೂ ಗೊತ್ತಾಗುತ್ತದೆ. ನೆಲ ಮಾತ್ರ ಮಟ್ಟವಾಗಿರಬೇಕು. ಅಡಿಕೆ ಒಣಗಿಸುವ ಅಂಗಳ ಬೇಡ, ನೀರು ಹರಿಯಲಿ ಅಂತ ಅದಕ್ಕೆ ಇಳಿಜಾರು ಕೊಟ್ಟಿರುತ್ತಾರೆ. ಬಿಚ್ಚಿದ ಒಂದೊಂದು ಸಾಮಾನನ್ನೂ ಸಣ್ಣ ತಕ್ಕಡಿಯಲ್ಲಿ ಇಟ್ಟು ನೋಟ್‌ಬುಕ್ಕಿನಲ್ಲಿ ಬರೆದೆ. ಬೋಲ್ಟು, ಬ್ರಾಕೆಟ್ಟು, ಜಿಪ್ಸಿಯಿಂದ ಬಂದ ಉಪಯೋಗವಿಲ್ಲದ ವೈರಿಂಗ್, ಎಲ್ಲವೂ. ಹಾಗೆ ಬರೆಯುವಾಗಲೇ ಕಿಟ್ಟಿನ ಜೊತೆ ಬಂದ ಮೂಗು 7.8 ಕಿಲೋ, ಒಂದೊಂದು ಸೀಟು 11 ಕಿಲೋ ಅಂತ ಬಯಲಾಯಿತು. ಕಿಟ್ ಕೊಟ್ಟವರು ಫೈಬರ್ ಅಂದಿದ್ದೇನೋ ನಿಜ, ಆದರೆ ಮೂರು ಪದರ ಮ್ಯಾಟ್ (ತುಂಡು ಗಾಜಿನ ಎಳೆಗಳ ಹಾಸು), ಅದರ ಮೇಲೆ ಪುಟ್ಟಿ, ಅದರ ಮೇಲೆ ಪೇಂಟು.

ಈಗ ಶೆಡ್ಡಿನ ವಿಷಯಕ್ಕೆ ಬರುತ್ತೇನೆ.

ಅಲ್ಲಿ ಮೊದಲ ತೊಡಕು ದರದ್ದು. ಈ ಶೆಡ್ಡಿನಲ್ಲಿ ದೋಣಿ ಕೆಲಸಕ್ಕೆ ಕಿಲೋ ಲೆಕ್ಕದಲ್ಲಿ ದುಡ್ಡು ಹಿಡಿಯುತ್ತಾರೆ, ಎಷ್ಟು ರೆಸಿನ್ (ಮ್ಯಾಟಿಗೆ ಕುಡಿಸಿ ಗಟ್ಟಿಯಾಗಿಸುವ ಅಂಟುದ್ರವ), ಎಷ್ಟು ಮ್ಯಾಟ್ ಹೋಯಿತೋ ಅಷ್ಟು. ದೋಣಿಗೆ ಅದು ನ್ಯಾಯವೇ, ದಪ್ಪ ಇದ್ದಷ್ಟೂ ಮೀನುಗಾರನಿಗೆ ಒಳ್ಳೆಯದು. ನನಗೆ ಬೇಕಾದದ್ದು ಪೂರಾ ಉಲ್ಟಾ. ಮಾಲು ಕಡಿಮೆ ಹಾಕಿದಷ್ಟೂ ಅವರಿಗೆ ದುಡ್ಡು ಕಡಿಮೆ, ಕೈಕೆಲಸ ಮಾತ್ರ ಜಾಸ್ತಿ. ಅದಕ್ಕೆ ಕಿಲೋ ಲೆಕ್ಕ ಬಿಟ್ಟು ಪೀಸ್ ಲೆಕ್ಕಕ್ಕೆ ಒಪ್ಪಿಸಿದೆ. ಜೊತೆಗೆ ಒಂದು ಷರತ್ತು: ಮೂಗು ನಾಲ್ಕೂವರೆ ಕಿಲೋದ ಒಳಗೆ ಬರಬೇಕು, ಹಿಂದಿನ ಮಡ್‌ಗಾರ್ಡ್ ಒಂದೊಂದು ಎರಡೂಕಾಲು ಕಿಲೋದ ಒಳಗೆ. ದಪ್ಪ ಇಷ್ಟಿರಲಿ ಅಂತ ಹೇಳಿದರೆ ಯಾರೂ ಅಳೆಯುವುದಿಲ್ಲ, ತೂಕ ಇಷ್ಟಿರಲಿ ಅಂದರೆ ಎಲ್ಲರ ಎದುರೇ ತಕ್ಕಡಿ ಹೇಳುತ್ತದೆ. ಅಲ್ಲಿನ ಹಿರಿಯ ಮೇಸ್ತ್ರಿ ನಕ್ಕು, "ತಮಾ, ಇಷ್ಟು ವರ್ಷದಲ್ಲಿ ತೆಳು ಮಾಡಿಕೊಡಿ ಅಂತ ಕೇಳಿದವ ನೀನೊಬ್ಬನೇ" ಅಂದರು. ನಕ್ಕರೂ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು.

ತೂಕ ಎಲ್ಲಿಂದ ಬರುತ್ತದೆ ಅನ್ನುವುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಚಾಪ್ಡ್ ಮ್ಯಾಟ್ ಒಂದು ಕಿಲೋ ಇದ್ದರೆ ಅದು ಎರಡರಿಂದ ಎರಡೂವರೆ ಕಿಲೋ ರೆಸಿನ್ ಕುಡಿಯುತ್ತದೆ. ರೋವಿಂಗ್, ಅಂದರೆ ಗಾಜಿನ ಎಳೆಯಿಂದ ನೇಯ್ದ ಬಟ್ಟೆ, ಆದರೆ ಹೆಚ್ಚುಕಡಿಮೆ ಸರಿಸಮ. ಭಾರ ಗಾಜಿನದ್ದಲ್ಲ, ರೆಸಿನ್‌ನದ್ದು. ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್ ಮೂರು ಪದರ ಹಾಕಿದರೆ ಒಂದು ಚದರ ಮೀಟರಿಗೆ ನಾಲ್ಕು ಕಿಲೋ ದಾಟುತ್ತದೆ, 300 ಗ್ರಾಂನದ್ದು ಎರಡು ಪದರ ಹಾಕಿ ರೋಲರ್‌ನಿಂದ ಚೆನ್ನಾಗಿ ಒತ್ತಿದರೆ ಎರಡು ಕಿಲೋ ಆಸುಪಾಸು. ಹೊರಮೈಗೆ ಕೊಡುವ ನುಣುಪು ರೆಸಿನ್ ಪದರ, ಜೆಲ್‌ಕೋಟ್, ಸುಮಾರು ಅರ್ಧ ಕಿಲೋ ಸೇರಿಸಿಕೊಳ್ಳಿ. ಕಲೆ ಇರುವುದು ರೋಲರ್ ಕೈಯಲ್ಲಿ. ರೆಸಿನ್ ಜಾಸ್ತಿಯಾದರೆ ಭಾರ, ಕಡಿಮೆಯಾದರೆ ಮ್ಯಾಟ್ ಒಣಗಿದಂತೆ ಬೆಳ್ಳಗೆ ಉಳಿದು ಅಲ್ಲೇ ಬಿರಿಯುತ್ತದೆ. ಇಲ್ಲಿನ ಮೇಸ್ತ್ರಿ ಗಾಳಿಗುಳ್ಳೆ ಓಡಿಸುವುದನ್ನು ನಿಂತು ನೋಡಿದೆ, ಮೂಗಿನ ಬಾಯಿಯ ಸುತ್ತ ಇರುವ ಬಿಗಿ ತಿರುವಿನಲ್ಲೂ ಒಂದು ಗುಳ್ಳೆ ಬಿಡಲಿಲ್ಲ. ಇಂಥ ಕೈ ದುಡ್ಡು ಕೊಟ್ಟರೂ ಎಲ್ಲ ಕಡೆ ಸಿಗುವುದಿಲ್ಲ.

ಹಳೆಯ ಮೂಗಿಗೇ ವ್ಯಾಕ್ಸ್ ಹಚ್ಚಿ ಅಚ್ಚು ತೆಗೆದರು. ಬಣ್ಣವನ್ನು ಜೆಲ್‌ಕೋಟಿನಲ್ಲೇ ಕಲಸಲು ಹೇಳಿದೆ, ದೋಣಿಗೆ ಹಾಕುವ ಅದೇ ನೀಲಿ. ಪುಟ್ಟಿ ಬೇಡ, ಪೇಂಟ್ ಬೇಡ, ಆ ತೂಕ ಪೂರಾ ಉಳಿಯಿತು. ತೆಳು ಮಾಡಿದರೆ ಅಗಲವಾದ ಜಾಗ ಅದುರುತ್ತದೆ, ಅದಕ್ಕೆ ಒಳಗೆ ಪಕ್ಕೆಲುಬಿನ ಹಾಗೆ ಉಬ್ಬು ಕೊಡಬೇಕು. ದೋಣಿಗೆ ಅವರು ಪಿವಿಸಿ ಪೈಪನ್ನು ಸೀಳಿ ಇಟ್ಟು ಅದರ ಮೇಲೆ ಮ್ಯಾಟ್ ಎಳೆಯುತ್ತಾರೆ. ಆ ಪೈಪು ಒಳಗೇ ಉಳಿಯುತ್ತದೆ, ಸುಮ್ನೆ ಭಾರ. ಥರ್ಮೋಕೋಲ್ ಇಡೋಣ ಅಂದರೆ ಪಾಲಿಯೆಸ್ಟರ್ ರೆಸಿನ್ ತಾಗಿದ ಕೂಡಲೇ ಅದು ಕರಗಿಹೋಗುತ್ತದೆ. ಕೊನೆಗೆ ದಪ್ಪ ರಟ್ಟನ್ನು ಮಡಚಿ ಇಟ್ಟರು. ರಟ್ಟಿಗೆ ಶಕ್ತಿ ಬೇಕಾಗಿಲ್ಲ, ಆಕಾರ ಕೊಟ್ಟರೆ ಸಾಕು, ಶಕ್ತಿ ಮೇಲಿನ ಮ್ಯಾಟಿನದ್ದು. ಬೋಲ್ಟ್ ಬರುವ ಕಡೆ ಮಾತ್ರ ಅಂಗೈಯಗಲ ಎರಡು ಪದರ ಜಾಸ್ತಿ, ಅಗಲ ವಾಷರ್. ತೆಳು ಫೈಬರ್ ಬಿರಿಯುವುದು ಹೆಚ್ಚಾಗಿ ಬೋಲ್ಟಿನ ತೂತಿನಿಂದಲೇ.

ಮೂಗು 4.1 ಕಿಲೋ ಬಂತು. ಹಿಂದಿನ ಮಡ್‌ಗಾರ್ಡ್ ನಾಲ್ಕರಿಂದ 2.1ಕ್ಕೆ ಇಳಿಯಿತು, ಮುಂದಿನವು ಇನ್ನೂ ಚಿಕ್ಕವು. ಬಾಡಿಯಲ್ಲಿ ಒಟ್ಟು ಹತ್ತು ಕಿಲೋ ಹೋಯಿತು. ಸೀಟಿಗೆ ಮಾತ್ರ ತೆಳುವಿನ ಆಸೆ ಬೇಡ ಅಂತ ಮೊದಲೇ ನಿರ್ಧರಿಸಿದ್ದೆ. ಎರಡು ಮ್ಯಾಟಿನ ನಡುವೆ ಒಂದು ರೋವಿಂಗ್ ಹಾಕಿಸಿ, ಚಾಸಿಗೆ ಕಟ್ಟುವ ಕಡೆ ಸ್ಟೀಲ್ ಪಟ್ಟಿ ಕೊಡಿಸಿದೆ. ಆದರೂ ತೆಳು ಫೋಮ್ ಸೇರಿ 4.6 ಕಿಲೋ, ಮೊದಲು 11 ಇತ್ತು. ಎರಡು ಸೀಟಿಗೆ ಸುಮಾರು 13 ಕಿಲೋ ಉಳಿತಾಯ, ಇಡೀ ಬಾಡಿಗಿಂತ ಜಾಸ್ತಿ. ಹೊಳೆಯುವ ಮೂಗಿನ ಮೇಲೆ ಎಲ್ಲರ ಕಣ್ಣು, ಲಾಭ ಇರುವುದು ಸೀಟಿನಲ್ಲಿ.

ಶೆಡ್ಡಿನ ಇನ್ನೊಂದು ಒಳ್ಳೆಯ ಗುಣ ಬರೆಯಲೇಬೇಕು. ರೆಸಿನ್ ಗಟ್ಟಿಯಾಗಲು ಕೋಬಾಲ್ಟ್ ಮತ್ತು ಹಾರ್ಡ್‌ನರ್ ಎರಡೂ ಬೇಕು, ಆದರೆ ಆ ಎರಡನ್ನು ನೇರವಾಗಿ ಒಂದಕ್ಕೊಂದು ಬೆರೆಸಿದರೆ ಸ್ಫೋಟವೇ ಆಗಬಹುದು. ಇವರು ಎರಡನ್ನೂ ಶೆಡ್ಡಿನ ಬೇರೆ ಬೇರೆ ಮೂಲೆಯಲ್ಲಿ ಇಟ್ಟಿದ್ದಾರೆ, ಕೋಬಾಲ್ಟನ್ನು ಮೊದಲೇ ರೆಸಿನ್ ಡ್ರಮ್ಮಿಗೆ ಕಲಸಿರುತ್ತಾರೆ, ಕೆಲಸದ ಹುಡುಗರಿಗೆ ಹಾರ್ಡ್‌ನರ್ ಮಾತ್ರ ಕೊಡುತ್ತಾರೆ. ನೀವು ಯಾವುದೇ ಶೆಡ್ಡಿಗೆ ಹೋದರೂ ಮೊದಲು ಇದನ್ನು ನೋಡಿ. ಎರಡು ಬಾಟಲಿ ಅಕ್ಕಪಕ್ಕ ಇದ್ದರೆ ಬೇರೆ ಕಡೆ ಹೋಗಿ.

ದೂರುಗಳು. ಹೇಳಿದ ದಿನಕ್ಕೆ ಕೆಲಸ ಆಗಲಿಲ್ಲ, ಬಹಳ ತಡವಾಯಿತು. ಪ್ರತಿ ಸಲ ಫೋನ್ ಮಾಡಿದಾಗಲೂ "ನಾಳೆ ಆಯ್ತು ಹೆಗಡೇರೇ". ನಡುವೆ ಒಂದು ದೋಣಿ ಬಂದರೆ ನಮ್ಮ ಕೆಲಸ ಪಕ್ಕಕ್ಕೆ. ಅವರ ಅನ್ನ ದೋಣಿಯಿಂದಲೇ, ಅದು ನನಗೂ ಅರ್ಥವಾಗುತ್ತದೆ, ಆದರೆ ತಡವಾಗುತ್ತದೆ ಅಂತ ಅವರೇ ಒಂದು ಫೋನ್ ಮಾಡಿದ್ದರೆ ಸುಮ್ಮನೆ ದೇವಿಮನೆ ಘಟ್ಟ ಇಳಿದು ಹತ್ತುವುದು ತಪ್ಪುತ್ತಿತ್ತು. ಎರಡನೆಯದು, ಮುಂದಿನ ಒಂದು ಮಡ್‌ಗಾರ್ಡಿನ ಜೆಲ್‌ಕೋಟಿನಲ್ಲಿ ಸೂಜಿಮೊನೆಯಷ್ಟು ತೂತುಗಳು ಬಂದವು. ತೋರಿಸಿದಾಗ ವಾದ ಮಾಡದೆ ಹೊಸದಾಗಿ ಮಾಡಿಕೊಟ್ಟರು, ದುಡ್ಡು ಕೇಳಲಿಲ್ಲ. ಮೂರನೆಯದು, ಬಿಸಿಲಿನಲ್ಲಿ ಓರೆಯಾಗಿ ನೋಡಿದರೆ ಮೂಗಿನ ಮೇಲೆ ಮ್ಯಾಟಿನ ಎಳೆ ಸ್ವಲ್ಪ ಕಾಣುತ್ತದೆ. ಇದು ಅವರ ತಪ್ಪಲ್ಲ, ತೆಳು ಪದರದಲ್ಲಿ ರೆಸಿನ್ ಕುಗ್ಗಿದಾಗ ಹಾಗೆ ಆಗುತ್ತದೆ. ಪ್ರದರ್ಶನಕ್ಕೆ ಇಡುವ ಕಾರಾದರೆ ಮಧ್ಯೆ ಒಂದು ಬಹಳ ತೆಳುವಾದ ಟಿಶ್ಯೂ ಪದರ ಹಾಕಿಸಿ.

ಅಚ್ಚು ಸೇರಿ ಎಲ್ಲದಕ್ಕೂ 42 ಸಾವಿರ ಕೊಟ್ಟೆ. ಅಚ್ಚು ನನ್ನದೇ, ಮನೆಗೆ ತಂದಿಟ್ಟಿದ್ದೇನೆ. ಇದನ್ನೂ ಮೊದಲೇ ಮಾತಾಡಿಕೊಳ್ಳಿ.

ಉಳಿದ ತೂಕ ಬೇರೆ ಕಡೆ ಹೋಯಿತು. ಸ್ಟೆಪ್ನಿ ಮತ್ತು ಜ್ಯಾಕ್ ತೆಗೆದದ್ದಕ್ಕೇ 14 ಕಿಲೋ, ಖರ್ಚು ಸೊನ್ನೆ. ಟ್ರ್ಯಾಕಿನಲ್ಲಿ ಅವೆರಡಕ್ಕೂ ಕೆಲಸವಿಲ್ಲ. ಪೆಟ್ರೋಲು ಲೀಟರಿಗೆ ಮುಕ್ಕಾಲು ಕಿಲೋ ತೂಗುತ್ತದೆ, ಟ್ಯಾಂಕ್ ತುಂಬಿಸದೆ ಆ ಸುತ್ತಿಗೆ ಬೇಕಾದಷ್ಟೇ ಹಾಕಿದರೆ ಅದೂ ಪುಕ್ಕಟೆ ಲಾಭ. ಹತ್ತು ಕಿಲೋದ ಸೀಸದ ಬ್ಯಾಟರಿ ಹೋಗಿ ಎರಡೂವರೆ ಕಿಲೋದ ಲಿಥಿಯಂ ಐರನ್ ಫಾಸ್ಫೇಟ್ ಬಂತು. ಹಾಕುವ ಮೊದಲು ಆಲ್ಟರ್ನೇಟರ್ ಎಷ್ಟು ವೋಲ್ಟ್ ಕೊಡುತ್ತದೆ ಅಂತ ನೋಡಿ, 14.6 ದಾಟಬಾರದು. ಗಾಜಿನ ವಿಂಡ್‌ಸ್ಕ್ರೀನ್ ಫ್ರೇಮ್ ಸಮೇತ ಬಿಚ್ಚಿ ಪಾಲಿಕಾರ್ಬೊನೇಟ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಚಿಕ್ಕ ತುಂಡು ಹಾಕಿದೆ, ಐದು ಕಿಲೋ ಇಳಿಯಿತು. ಹೆಲ್ಮೆಟ್ ಮುಖಕ್ಕೆ ಪೂರ್ತಿ ಮುಚ್ಚುವಂಥದ್ದೇ ಇರಬೇಕು.

ಫ್ಲೋರ್ ಕುಮಟೆಯ ಒಬ್ಬ ಫ್ಯಾಬ್ರಿಕೇಶನ್‌ನವರ ಹತ್ತಿರ ಮಾಡಿಸಿದೆ. 1.6 ಎಂಎಂ ಕಬ್ಬಿಣದ ಶೀಟು ಚದರ ಮೀಟರಿಗೆ ಹನ್ನೆರಡೂವರೆ ಕಿಲೋ, ಎರಡು ಎಂಎಂ ಅಲ್ಯೂಮಿನಿಯಂ ಆದರೆ 5.4. ಎಂಟು ಕಿಲೋ ಹೋಯಿತು. ಸೀಟು ಕೂರುವ ಕಡೆ ಸ್ಟೀಲ್ ಪಟ್ಟಿ ಹಾಗೇ ಇದೆ. ಕರಾವಳಿಯವರು ಇಲ್ಲಿ ಹುಷಾರಾಗಿರಬೇಕು. ಅಲ್ಯೂಮಿನಿಯಂ ಮತ್ತು ಕಬ್ಬಿಣ ನೇರವಾಗಿ ತಾಗಿಕೊಂಡಿದ್ದು ಅದಕ್ಕೆ ಉಪ್ಪುಗಾಳಿ, ಮಳೆನೀರು ಸೇರಿದರೆ ಅಲ್ಯೂಮಿನಿಯಂ ತಿಂದುಹೋಗಿ ಬಿಳಿ ಪುಡಿ ಉದುರುತ್ತದೆ. ಚಾಸಿಗೆ ಪ್ರೈಮರ್, ಪೇಂಟ್, ಅದರ ಮೇಲೆ ರಬ್ಬರಿನಂಥ ಪಿಯು ಸೀಲೆಂಟ್ ಬಳಿದು ಆಮೇಲೆ ಶೀಟು ಕೂರಿಸಿ, ಅಲ್ಯೂಮಿನಿಯಂ ರಿವೆಟ್ಟನ್ನೇ ಹೊಡೆಯಬೇಕು. ತುಕ್ಕು ಹಿಡಿಯುವುದಿಲ್ಲ ಅಂತ ಸ್ಟೇನ್‌ಲೆಸ್ ರಿವೆಟ್ ಹಾಕಿದರೆ ಸುತ್ತಲಿನ ಅಲ್ಯೂಮಿನಿಯಂ ಇನ್ನೂ ಬೇಗ ಹೋಗುತ್ತದೆ. ಆ ಫ್ಯಾಬ್ರಿಕೇಶನ್‌ನವರಿಗೆ ಇದನ್ನು ಹೇಳಿ ನಿಂತು ಮಾಡಿಸಬೇಕಾಯಿತು, ಹೇಳಿದ ಮೇಲೆ ಅಚ್ಚುಕಟ್ಟಾಗಿ ಮಾಡಿದರು.

ರಿಮ್ ಕೊಳ್ಳುವಾಗ ತಕ್ಕಡಿ ಅಂಗಡಿಗೇ ಒಯ್ಯಿರಿ. ಅಲಾಯ್ ಅಂದಮಾತ್ರಕ್ಕೆ ಹಗುರ ಅಲ್ಲ, ಕೆಲವು ಅಲಾಯ್‌ಗಳು ಸ್ಟೀಲ್ ರಿಮ್ಮಿಗಿಂತ ಭಾರ ಇರುತ್ತವೆ. ನನಗೆ ಒಂದು ರಿಮ್ಮಿಗೆ ಒಂದೂವರೆ ಕಿಲೋ ಇಳಿಯುವಂಥದ್ದು ಸಿಕ್ಕಿತು. ಒಟ್ಟು ಆರೇ ಕಿಲೋ ನಿಜ, ಆದರೆ ಇದು ತಿರುಗುವ ಭಾರ, ಸ್ಪ್ರಿಂಗಿನ ಕೆಳಗಿನ ಭಾರ. ಟ್ರ್ಯಾಕಿನಲ್ಲಿ ಉಬ್ಬು ತಗ್ಗು ಬಂದಾಗ ಚಕ್ರ ನೆಲ ಬಿಡದೆ ಹಿಡಿದುಕೊಳ್ಳುವುದು ಈಗ ಸ್ಪಷ್ಟವಾಗಿ ಗೊತ್ತಾಗುತ್ತದೆ.

ಕೈ ಹಾಕಬಾರದ ಜಾಗಗಳೂ ಇವೆ. ಕಾರು ಮಗುಚಿದರೆ ತಲೆ ಕಾಯುವ ರೋಲ್ ಬಾರ್, ಬೆಲ್ಟ್ ಕಟ್ಟುವ ಜಾಗ, ಬ್ರೇಕ್, ಸ್ಟೀರಿಂಗ್ ಕಾಲಮ್, ಇವನ್ನು ಮುಟ್ಟಲಿಲ್ಲ. ಒಬ್ಬರು ಚಾಸಿ ಪೈಪಿಗೆ ಸಾಲಾಗಿ ತೂತು ಕೊರೆಯಲು ಸಲಹೆ ಕೊಟ್ಟರು. ಲೆಕ್ಕ ಹಾಕಿ ನೋಡಿ: 1.6 ಎಂಎಂ ದಪ್ಪದ ಪೈಪಿನಲ್ಲಿ 20 ಎಂಎಂ ತೂತು ಕೊರೆದರೆ ಹೋಗುವುದು ನಾಲ್ಕು ಗ್ರಾಂ. ಒಂದು ಕಿಲೋ ಕಳೆಯಲು 250 ತೂತು ಬೇಕು, ಅಷ್ಟರಲ್ಲಿ ಚಾಸಿಯ ಬಲವೇ ಹೋಗಿರುತ್ತದೆ. ಚಾಸಿ ಹಗುರ ಬೇಕಾದರೆ ಕಟ್ಟುವಾಗಲೇ ಯಾವ ಪೈಪು ತೆಳು ಇರಬಹುದು ಅಂತ ಲೆಕ್ಕ ಹಾಕಬೇಕು. 25 ಎಂಎಂ ಚೌಕ ಪೈಪು 1.6 ದಪ್ಪದ್ದು ಮೀಟರಿಗೆ 1.18 ಕಿಲೋ, 1.2 ದಪ್ಪದ್ದು 0.9 ಕಿಲೋ. ಕಟ್ಟಿದ ಮೇಲೆ ಅದನ್ನು ಬಿಟ್ಟುಬಿಡಿ.

ಎಲ್ಲ ಸೇರಿ 612ರಿಂದ 549ಕ್ಕೆ ಬಂತು. ಟನ್ನಿಗೆ 131 ಎಚ್‌ಪಿ ಇದ್ದದ್ದು 146 ಆಯಿತು, ಎಂಜಿನ್ನಿಗೆ ಸ್ಪ್ಯಾನರ್ ಹಚ್ಚದೆ. ಆದರೆ ತೂಕ ಇಳಿಸಿದ ಕೂಡಲೇ ಕೆಲಸ ಮುಗಿಯುವುದಿಲ್ಲ. ಭಾರ ಹೋದ ಕಾರು ಸ್ಪ್ರಿಂಗಿನ ಮೇಲೆ ಎದ್ದು ನಿಲ್ಲುತ್ತದೆ, ಎತ್ತರ ಮತ್ತೆ ಇಳಿಸಬೇಕು. ಮೂಗು ಹಗುರವಾಗಿ, ಬ್ಯಾಟರಿಯನ್ನು ಸೀಟಿನ ಹಿಂದಕ್ಕೆ ಒಯ್ದದ್ದರಿಂದ ಮುಂದಿನ ಚಕ್ರಗಳು ಬ್ರೇಕ್ ಒತ್ತಿದಾಗ ಮೊದಲಿಗಿಂತ ಬೇಗ ಲಾಕ್ ಆಗಲು ಶುರುವಾಯಿತು, ಬ್ರೇಕನ್ನು ಸ್ವಲ್ಪ ಹಿಂದಕ್ಕೆ ಹಂಚಬೇಕಾಯಿತು. ಟೈರಿನ ಗಾಳಿಯೂ ಕಡಿಮೆ ಸಾಕು. ಮತ್ತೆ ನಾಲ್ಕು ಅಡಿಕೆ ತಕ್ಕಡಿ ಇಟ್ಟು, ಡ್ರೈವರ್ ಸೀಟಿನಲ್ಲಿ ನನ್ನ ತೂಕದ ಒಂದು ಅಡಿಕೆ ಚೀಲ ಕೂರಿಸಿ, ಎಡ ಮುಂದಿನ ಮತ್ತು ಬಲ ಹಿಂದಿನ ಚಕ್ರದ ಭಾರ ಸೇರಿಸಿದರೆ ಒಟ್ಟಿನ ಅರ್ಧ ಬರುವ ಹಾಗೆ ಸ್ಪ್ರಿಂಗ್ ತಿರುಗಿಸಿದೆ. ಅದಾದ ಮೇಲೆ ಎಡ ತಿರುವು, ಬಲ ತಿರುವು ಎರಡರಲ್ಲೂ ಕಾರು ಒಂದೇ ಥರ ತಿರುಗುತ್ತದೆ. ಮೊದಲು ಬಲಕ್ಕೆ ಚೆನ್ನಾಗಿ ತಿರುಗಿ ಎಡಕ್ಕೆ ಹಟ ಮಾಡುತ್ತಿತ್ತು. ಕೊಯಮತ್ತೂರಿನ ಟ್ರ್ಯಾಕು ಸುಮಾರು 2.1 ಕಿಮೀ ಅಷ್ಟೇ, ತಿರುವುಗಳೇ ಜಾಸ್ತಿ. ಅಲ್ಲಿ 63 ಕಿಲೋ ಅಂದರೆ ಪ್ರತಿ ಬ್ರೇಕಿನಲ್ಲೂ, ಪ್ರತಿ ತಿರುವಿನ ಹೊರಬಾಯಿಯಲ್ಲೂ ಕೈಗೆ, ಬೆನ್ನಿಗೆ ಗೊತ್ತಾಗುವ ವ್ಯತ್ಯಾಸ. ಇಳಿದು ಹೆಲ್ಮೆಟ್ ತೆಗೆದಾಗ ನಗು ನಿಲ್ಲುತ್ತಿರಲಿಲ್ಲ.

ಶೆಡ್ಡಿಗೆ ಹೋಗುವವರು ಕಾಲ ನೋಡಿ ಹೋಗಿ. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ, ದೋಣಿಗಳೆಲ್ಲ ದಡಕ್ಕೆ ಬಂದಿರುತ್ತವೆ, ರಿಪೇರಿ ಕೆಲಸ ರಾಶಿ ಬಿದ್ದಿರುತ್ತದೆ, ನಿಮ್ಮನ್ನು ಕೇಳುವವರಿಲ್ಲ. ಅದೂ ಅಲ್ಲದೆ ಮಳೆಗಾಲದ ತೇವದಲ್ಲಿ ತೆಳು ಪದರ ಸರಿಯಾಗಿ ಗಟ್ಟಿಯಾಗದೆ ಅಂಟಂಟು ಉಳಿಯುತ್ತದೆ. ನವೆಂಬರ್ ಕೊನೆಯಿಂದ ಫೆಬ್ರವರಿ ಒಳಗೆ ಒಳ್ಳೆಯದು. ಹಳೆಯ ಪೀಸು, ಒಂದು ತಕ್ಕಡಿ, ಬೇಕಾದ ತೂಕ ಬರೆದ ಚೀಟಿ ಒಯ್ಯಿರಿ, ಮುಂಗಡ ಅರ್ಧಕ್ಕಿಂತ ಜಾಸ್ತಿ ಕೊಡಬೇಡಿ. ನನ್ನ ಕಾರಿನ ಡ್ಯಾಶ್‌ಬೋರ್ಡಿನ ಮೇಲಿನ ಭಾಗ ಇನ್ನೂ ಹಳೆಯದೇ ಇದೆ, ಐದು ಕಿಲೋ ತೂಗುತ್ತದೆ. ಅದಕ್ಕೆ ಜನವರಿಗೆ ಅಂತ ಅದೇ ಮೇಸ್ತ್ರಿಗೆ ಮುಂಗಡ ಕೊಟ್ಟು ಬಂದಿದ್ದೇನೆ, ಎರಡೂವರೆ ಕಿಲೋದ ಒಳಗೆ ಬರಬೇಕು ಅಂತ ಚೀಟಿಯಲ್ಲಿ ಬರೆದುಕೊಟ್ಟಿದ್ದೇನೆ.